ಶಸ್ತ್ರಚಿಕಿತ್ಸೆ ಹೊಟ್ಟೆಗೆ, ನೋವು ಗಂಟಲಿಗೆ: ಓದುಗರ ಪ್ರಶ್ನೆಗಳಿಗೆ ಅರಿವಳಿಕೆ ತಜ್ಞರ ಉತ್ತರ

ಪೂರ್ಣ ಅರಿವಳಿಕೆ, ಅಂದರೆ ಜನರಲ್ ಅನಸ್ತೇಶಿಯಾ ಪಡೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಕಾಡುವ ಗಂಟಲು ನೋವಿನ ಬಗ್ಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಿಸಿದವರು ಮಂಗಳೂರಿನಲ್ಲಿ ವೃತ್ತಿನಿರತರಾಗಿರುವ ಅರಿವಳಿಕೆ ತಜ್ಞರು. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 41 ವರ್ಷ. ಕಳೆದ ವಾರ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪರೋಸ್ಕೋಪಿ ಮೂಲಕ ಪಿತ್ತಕೋಶ ತೆಗೆಸಿಕೊಂಡೆ. ಎಚ್ಚರವಾದಾಗ ಹೊಟ್ಟೆಗಿಂತ ಗಂಟಲೇ ಹೆಚ್ಚು ನೋಯುತ್ತಿತ್ತು. ಎಂಜಲು ನುಂಗಿದರೂ ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಆಗುತ್ತಿತ್ತು; ಮೊದಲ ದಿನ ಉಗುಳಿನಲ್ಲಿ ರಕ್ತದ ಎಳೆಯೂ ಕಂಡಿತು. ವಾರ್ಡಿನಲ್ಲಿ ಕೇಳಿದಾಗ ‘ಅದು ಸರಿಯಾಗುತ್ತದೆ’ ಎಂದಷ್ಟೇ ಹೇಳಿದರು. ಎ.ಸಿ. ಗಾಳಿಗೆ ಶೀತವಾಗಿದೆ ಎಂಬುದು ನಮ್ಮ ಅತ್ತೆಯವರ ಅಭಿಪ್ರಾಯ. ಗಂಟಲಿಗೆ ಏನೋ ಪೆಟ್ಟು ಮಾಡಿ ಮುಚ್ಚಿಟ್ಟಿದ್ದಾರೆ ಎಂಬುದು ನೆರೆಮನೆಯವರದು. ನೋವು ಈಗ ಬಹುಪಾಲು ಇಳಿದಿದೆ. ಆದರೂ ಹೊಟ್ಟೆಯ ಆಪರೇಷನ್ನಿಗೂ ಗಂಟಲಿಗೂ ಏನು ಸಂಬಂಧ ಎಂಬುದನ್ನು ತಿಳಿಸುವಿರಾ?
— ಗೃಹಿಣಿ, ಬಂಟ್ವಾಳ

ಉತ್ತರ: ಈ ಪ್ರಶ್ನೆಗೆ ನಿಮಗೆ ಆಸ್ಪತ್ರೆಯಲ್ಲೇ ಉತ್ತರ ಸಿಗಬೇಕಾಗಿತ್ತು, ಅದೂ ಶಸ್ತ್ರಚಿಕಿತ್ಸೆಗೆ ಮೊದಲೇ.

ಪೂರ್ಣ ಅರಿವಳಿಕೆ ಎಂದರೆ ಬರಿಯ ನಿದ್ದೆಯಲ್ಲ. ನಿದ್ದೆಯ ಮದ್ದಿನ ಜೊತೆಗೆ ಸ್ನಾಯುಗಳನ್ನು ಸಡಿಲಗೊಳಿಸುವ ಮದ್ದನ್ನೂ ಕೊಡುವುದರಿಂದ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿ ತಾನಾಗಿ ಉಸಿರಾಡುವುದಿಲ್ಲ. ಕೆಮ್ಮಿ ಕಫ ಹೊರಹಾಕುವ ಶಕ್ತಿಯಾಗಲಿ, ಹೊಟ್ಟೆಯಿಂದ ಮೇಲೆ ಬಂದ ದ್ರವ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವ ಶಕ್ತಿಯಾಗಲಿ ಆ ಹೊತ್ತಿನಲ್ಲಿ ಇರುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಉಬ್ಬಿಸುವ ಕಾರಣ ಉಸಿರಾಟಕ್ಕೆ ಯಂತ್ರದ ನೆರವು ಇನ್ನಷ್ಟು ಬೇಕಾಗುತ್ತದೆ. ಆದ್ದರಿಂದ ರೋಗಿಗೆ ಎಚ್ಚರ ತಪ್ಪಿದ ಮೇಲೆ ಅರಿವಳಿಕೆ ತಜ್ಞರು ಲ್ಯಾರಿಂಗೋಸ್ಕೋಪ್ ಎಂಬ ಬೆಳಕಿರುವ ಸಾಧನದಿಂದ ನಾಲಿಗೆಯ ಬುಡವನ್ನು ಎತ್ತಿ ಹಿಡಿದು, ಧ್ವನಿತಂತುಗಳ ನಡುವಿನಿಂದ ಪ್ಲಾಸ್ಟಿಕ್ ಕೊಳವೆಯೊಂದನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ದೊಡ್ಡವರಿಗೆ ಬಳಸುವ ಕೊಳವೆಯ ಒಳವ್ಯಾಸ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್. ಅದರ ತುದಿಯ ಬಳಿ ಸುತ್ತಲೂ ಒಂದು ಪುಟ್ಟ ಗಾಳಿಚೀಲವಿರುತ್ತದೆ. ಅದನ್ನು ಉಬ್ಬಿಸಿದಾಗ ಅದು ಶ್ವಾಸನಾಳದ ಗೋಡೆಗೆ ಒತ್ತಿ ಕುಳಿತು, ಕೊಟ್ಟ ಗಾಳಿ ಹೊರಗೆ ಸೋರದಂತೆ, ಹೊರಗಿನ ದ್ರವ ಒಳಗೆ ಇಳಿಯದಂತೆ ಕಾಯುತ್ತದೆ.

ನೋವು ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ. ಗಾಳಿಚೀಲದ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಶ್ವಾಸನಾಳದ ಒಳಗಿನ ಲೋಳೆಪೊರೆಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಬಳಸಿದ್ದರೆ ಆ ಅನಿಲ ಮೆಲ್ಲನೆ ಗಾಳಿಚೀಲದೊಳಗೂ ಸೇರಿಕೊಂಡು, ಆರಂಭದಲ್ಲಿ ಸರಿಯಾಗಿದ್ದ ಒತ್ತಡವನ್ನು ಗಂಟೆ ಕಳೆಯುವಷ್ಟರಲ್ಲಿ ಏರಿಸಿಬಿಡುವುದುಂಟು. ಈ ಒತ್ತಡವನ್ನು ಅಳೆಯಲು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮಾಪಕವೊಂದಿದೆ. ಗಾಳಿಚೀಲಕ್ಕೆ ಜೋಡಿಸಿದ, ಬಾಯಿಯ ಹೊರಗಿರುವ ಪುಟ್ಟ ಬುಗ್ಗೆಯನ್ನು ಬೆರಳಿನಿಂದ ಒತ್ತಿ ನೋಡಿ ಅಂದಾಜು ಮಾಡುವ ಹಳೆಯ ರೂಢಿ ಎಷ್ಟು ಅನುಭವಿಯ ಕೈಯಲ್ಲಿದ್ದರೂ ಆ ಮಾಪಕಕ್ಕೆ ಸಮನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಲ್ಲದೆ ಸಿಲಿಂಡರಿನಿಂದ ಬರುವ ಅನಿಲಗಳು ಒಣಗಿದವು. ಎಂಜಲು ಕಡಿಮೆಯಾಗಲೆಂದು ಕೊಡುವ ಗ್ಲೈಕೋಪೈರೋಲೇಟ್‌ನಂಥ ಚುಚ್ಚುಮದ್ದು ಬಾಯಿಯನ್ನು ಮತ್ತಷ್ಟು ಒಣಗಿಸುತ್ತದೆ. ಕೊನೆಯಲ್ಲಿ ಎಂಜಲು, ಕಫ ಹೀರಿ ತೆಗೆಯುವ ನಳಿಕೆ ಗಂಟಲಿನ ಹಿಂಭಾಗವನ್ನು ತರಚಬಹುದು. ಹೊಟ್ಟೆಯೊಳಗಿನ ಗಾಳಿ ತೆಗೆಯಲು ಮೂಗಿನಿಂದಲೋ ಬಾಯಿಯಿಂದಲೋ ರೈಲ್ಸ್ ಟ್ಯೂಬ್ ಹಾಕಿದ್ದರೆ ಅದರ ಉಜ್ಜುವಿಕೆಯೂ ಸೇರಿಕೊಳ್ಳುತ್ತದೆ.

ಹೀಗಾಗಿ ನಿಮ್ಮ ಗಂಟಲಿನಲ್ಲಿ ಆದದ್ದು ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಗೆ ಆಗುವಂಥ ಗಾಯ. ಅದು ಸೋಂಕಲ್ಲ, ಶೀತವೂ ಅಲ್ಲ. ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ, ಎ.ಸಿ. ಕೋಣೆಯ ಒಣಗಾಳಿ ನೋವನ್ನು ಹೆಚ್ಚಿಸುತ್ತದೆ, ಆದರೆ ನೋವಿನ ಮೂಲ ಅದಲ್ಲ. ನೆರೆಮನೆಯವರ ಸಂಶಯಕ್ಕೆ ಮಾತ್ರ ನೀವು ಹೇಳಿದ ಲಕ್ಷಣಗಳಲ್ಲಿ ಆಧಾರ ಕಾಣುವುದಿಲ್ಲ. ಶ್ವಾಸನಾಳಕ್ಕೆ ಕೊಳವೆ ಹಾಕಿಸಿಕೊಂಡ ಹತ್ತು ಮಂದಿಯಲ್ಲಿ ಸುಮಾರು ಮೂರು ನಾಲ್ಕು ಮಂದಿಗೆ ಒಂದಲ್ಲ ಒಂದು ಮಟ್ಟದ ಗಂಟಲು ನೋವು ಇರುತ್ತದೆ. ಹೆಂಗಸರಲ್ಲಿ, ದೀರ್ಘ ಹೊತ್ತಿನ ಶಸ್ತ್ರಚಿಕಿತ್ಸೆಗಳಲ್ಲಿ, ಕೊಳವೆ ಹಾಕುವುದು ಕಷ್ಟವಾದವರಲ್ಲಿ ಇದು ಹೆಚ್ಚು. ಮೊದಲ ದಿನ ಕಂಡ ರಕ್ತದ ಎಳೆ ಲೋಳೆಪೊರೆ ತರಚಿದ್ದರ ಗುರುತು. ಮುಳ್ಳು ಸಿಕ್ಕಿದಂತೆ ಅನ್ನಿಸಿದ್ದು ಕಿರುನಾಲಿಗೆ ಮತ್ತು ಗಂಟಲಿನ ಹಿಂಭಾಗ ಸ್ವಲ್ಪ ಬಾತುಕೊಂಡದ್ದರಿಂದ. ನಮ್ಮ ಕರಾವಳಿಯಲ್ಲಿ ಮುಳ್ಳು ಇಳಿಸಲು ಅನ್ನದ ಉಂಡೆಯನ್ನು ಅಗಿಯದೆ ನುಂಗುವ ಅಭ್ಯಾಸವಿರುವುದರಿಂದ ಹೇಳುತ್ತಿದ್ದೇನೆ: ಅಲ್ಲಿ ಇಳಿಸಲು ಮುಳ್ಳಿಲ್ಲ, ಉಂಡೆ ನುಂಗಿದರೆ ತರಚಿದ ಜಾಗ ಮತ್ತೆ ತರಚೀತು. ಬಾಯಿ ಮತ್ತು ಗಂಟಲಿನ ಲೋಳೆಪೊರೆ ಚರ್ಮಕ್ಕಿಂತ ಬೇಗ ಮಾಯುವಂಥದ್ದು. ಬಹುತೇಕರಿಗೆ ಒಂದರಿಂದ ಮೂರು ದಿನಗಳಲ್ಲಿ, ಕೆಲವರಿಗೆ ವಾರದೊಳಗೆ ನೋವು ಹೋಗುತ್ತದೆ. ನಿಮ್ಮದು ಆ ದಾರಿಯಲ್ಲೇ ಇದೆ.

ಪ್ರಶ್ನೆ: ನನ್ನ ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಕರುಳಿನ ಶಸ್ತ್ರಚಿಕಿತ್ಸೆಯಾಗಿ ನಾಲ್ಕನೆಯ ದಿನ ಮನೆಗೆ ಕರೆತಂದೆವು. ಗಂಟಲು ನೋವೆಂದು ಊಟ ಬಿಟ್ಟಿದ್ದಾರೆ. ಅಕ್ಕ ಕಾಳುಮೆಣಸು, ಶುಂಠಿ ಹಾಕಿ ಗಾಢವಾದ ಕಷಾಯ ಮಾಡಿಕೊಡುತ್ತಿದ್ದಾಳೆ, ಜೇನೂ ಕೊಡುತ್ತಿದ್ದಾಳೆ. ಔಷಧದಂಗಡಿಯವರು ಆ್ಯಂಟಿಬಯಾಟಿಕ್ ಮಾತ್ರೆ ಮತ್ತು ಬೆಟಾಡಿನ್ ಗಾರ್ಗಲ್ ಕೊಟ್ಟಿದ್ದಾರೆ. ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು? ಊಟಕ್ಕೆ ಏನು ಕೊಡಬಹುದು?
— ಬ್ಯಾಂಕ್ ಉದ್ಯೋಗಿ, ಕುಂದಾಪುರ

ಉತ್ತರ: ಮೊದಲು ಬಿಡಬೇಕಾದದ್ದನ್ನು ಹೇಳುತ್ತೇನೆ, ಏಕೆಂದರೆ ಈ ನೋವಿನಲ್ಲಿ ಮದ್ದಿನ ಕೊರತೆಗಿಂತ ಮದ್ದಿನ ಅತಿಯೇ ಹೆಚ್ಚು ತೊಂದರೆ ಕೊಡುತ್ತದೆ. ಇದು ಸೋಂಕಲ್ಲವಾದ್ದರಿಂದ ಗಂಟಲಿಗಾಗಿ ಆ್ಯಂಟಿಬಯಾಟಿಕ್ ಬೇಡ. ಶಸ್ತ್ರಚಿಕಿತ್ಸಕರು ಹೊಟ್ಟೆಯ ಸಲುವಾಗಿ ಬರೆದುಕೊಟ್ಟದ್ದಿದ್ದರೆ ಅದು ಬೇರೆ ವಿಷಯ; ಅದನ್ನು ಹೇಳಿದಷ್ಟು ದಿನ ಕೊಡಲೇಬೇಕು. ಬೆಟಾಡಿನ್ ಗಾರ್ಗಲ್ ಕ್ರಿಮಿನಾಶಕ. ತರಚಿದ ಲೋಳೆಪೊರೆಗೆ ಅದರಿಂದ ವಿಶೇಷ ಲಾಭವಿಲ್ಲ, ಅದರಲ್ಲಿ ಅಯೋಡಿನ್ ಇರುವುದರಿಂದ ಥೈರಾಯಿಡ್ ತೊಂದರೆ ಇರುವವರು ಅದನ್ನು ದೂರವಿಡುವುದೇ ಲೇಸು. ಕಾಳುಮೆಣಸಿನ ಖಾರ ಶೀತದ ಗಂಟಲಿಗೆ ಹಿತವಾಗಿ ತೋರಬಹುದು; ಹಸಿ ಗಾಯಕ್ಕೆ ಅದು ಉರಿ. ಅಕ್ಕನವರ ಕಾಳಜಿಗೆ ಅಡ್ಡಿ ಹೇಳುವುದು ಬೇಡ, ಕಷಾಯವನ್ನು ಬದಲಿಸಿದರೆ ಸಾಕು: ಮೆಣಸು ಬಿಟ್ಟು ಜೀರಿಗೆ, ಕೊತ್ತಂಬರಿ ಹಾಕಿ ತೆಳ್ಳಗೆ ಕುದಿಸಿ, ಉಗುರುಬೆಚ್ಚಗಾದ ಮೇಲೆ ಗುಟುಕು ಗುಟುಕಾಗಿ ಕೊಡಲಿ. ಸುಡುವ ಕಷಾಯ ಯಾವ ಪದಾರ್ಥದ್ದಾದರೂ ಕೆಡುಕೇ. ಜೇನು ಗಂಟಲಿಗೆ ಹಿತ, ಆದರೆ ಅದೂ ಸಕ್ಕರೆಯೇ ಆದ್ದರಿಂದ ದಿನಕ್ಕೆ ಒಂದು ಸಣ್ಣ ಚಮಚೆಗಿಂತ ಹೆಚ್ಚು ಬೇಡ. ಶಸ್ತ್ರಚಿಕಿತ್ಸೆಯ ಗಾಯ ಮಾಯುವ ದಿನಗಳಲ್ಲಿ ರಕ್ತದ ಸಕ್ಕರೆ ಹಿಡಿತದಲ್ಲಿರುವುದು ಗಂಟಲಿಗಿಂತ ಮುಖ್ಯ. ಜ್ಯೇಷ್ಠಮಧುವನ್ನು ಬಾಯಲ್ಲಿಟ್ಟು ಜಗಿಯಲು ಯಾರಾದರೂ ಸೂಚಿಸಬಹುದು. ಅದರ ರಸವನ್ನು ದಿನವೂ ಹೆಚ್ಚಾಗಿ ನುಂಗಿದರೆ ರಕ್ತದೊತ್ತಡ ಏರಿ ಪೊಟ್ಯಾಶಿಯಂ ಇಳಿಯುತ್ತದೆ. ನಿಮ್ಮ ತಾಯಿಯವರಿಗೆ ಅದು ಒಗ್ಗದು.

ಇನ್ನು ಮಾಡಬೇಕಾದದ್ದು. ಗಂಟಲು ಒಣಗಲು ಬಿಡಬಾರದು. ಕರುಳಿನ ಶಸ್ತ್ರಚಿಕಿತ್ಸೆಯಾದ್ದರಿಂದ ನೀರು ಮತ್ತು ಆಹಾರ ಎಷ್ಟು, ಯಾವ ರೂಪದಲ್ಲಿ ಎಂಬ ವಿಷಯದಲ್ಲಿ ಶಸ್ತ್ರಚಿಕಿತ್ಸಕರ ಮಾತೇ ಕೊನೆಯದು. ಅವರು ಒಪ್ಪಿದಷ್ಟರೊಳಗೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದೆರಡು ಗುಟುಕು ನೀರು ಕುಡಿಯಲಿ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಸಣ್ಣ ಚಮಚೆ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಬಾರಿ ಗಂಟಲಿಗೆ ತಾಗುವಂತೆ ಮುಕ್ಕಳಿಸಿ ಉಗುಳಲಿ. ರಕ್ತದೊತ್ತಡವಿರುವುದರಿಂದ ಆ ನೀರನ್ನು ನುಂಗಬಾರದು ಎಂಬುದನ್ನು ಬಿಡಿಸಿ ಹೇಳಿ. ತಲೆಯನ್ನು ಹಿಂದಕ್ಕೆ ಪೂರ್ತಿ ಚಾಚಿ ಜೋರಾಗಿ ಗಳಗಳ ಎನಿಸುವ ಅಗತ್ಯವಿಲ್ಲ. ಹಾಗೆ ಮಾಡಿದರೆ ಕೆಮ್ಮು ಬಂದು ಹೊಟ್ಟೆಯ ಹೊಲಿಗೆ ಜಗ್ಗುತ್ತದೆ. ಕೆಮ್ಮು ಬಂದಾಗ ಸಣ್ಣ ದಿಂಬೊಂದನ್ನು ಗಾಯದ ಮೇಲೆ ಎರಡೂ ಕೈಗಳಿಂದ ಒತ್ತಿ ಹಿಡಿದುಕೊಳ್ಳಲು ಕಲಿಸಿ. ಉಪ್ಪುನೀರಿನಿಂದ ಸಾಲದಿದ್ದರೆ ಬೆಂಜಿಡಮೈನ್ ಎಂಬ ಮದ್ದಿರುವ, ಮುಕ್ಕಳಿಸುವ ದ್ರಾವಣ ಸಿಗುತ್ತದೆ. ಅದು ನೋವನ್ನೂ ಊತವನ್ನೂ ಒಟ್ಟಿಗೆ ಇಳಿಸುವಂಥದ್ದು, ಈ ನೋವಿಗೆ ಅದರ ಉಪಯೋಗ ಚೆನ್ನಾಗಿ ಪರೀಕ್ಷೆಗೊಳಗಾಗಿದೆ. ಬಾಯಿ ಉರಿದರೆ ಅಷ್ಟೇ ನೀರು ಬೆರೆಸಬಹುದು. ಚೀಪುವ ಮಾತ್ರೆ ಬೇಕೆಂದರೆ ಸಕ್ಕರೆ ಇಲ್ಲದ್ದನ್ನು ಕೇಳಿ ಪಡೆಯಿರಿ. ಮಲಗುವ ಕೋಣೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಿರಲಿ. ಹಬೆ ತೆಗೆದುಕೊಳ್ಳಬಹುದು, ಬರಿಯ ನೀರಿನ ಹಬೆ ಸಾಕು. ಆದರೆ ಆಪರೇಷನ್ ಆದ ನಿಶ್ಶಕ್ತಿಯಲ್ಲಿ ಕುದಿಯುವ ಪಾತ್ರೆಯ ಮೇಲೆ ಅವರೊಬ್ಬರನ್ನೇ ಬಾಗಲು ಬಿಡಬೇಡಿ.

ನೋವಿನ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಪ್ಯಾರಸಿಟಮಾಲ್ ಈ ನೋವಿಗೆ ತಕ್ಕ ಮಾತ್ರೆ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಟ್ಟ ನೋವಿನ ಮಾತ್ರೆಯೊಳಗೆ ಬೇರೊಂದು ಮದ್ದಿನ ಜೊತೆ ಪ್ಯಾರಸಿಟಮಾಲ್ ಈಗಾಗಲೇ ಬೆರೆತಿರುವುದು ಬಹಳ ಸಾಮಾನ್ಯ. ಅದು ತಿಳಿಯದೆ ಗಂಟಲಿಗೆಂದು ಬೇರೆಯಾಗಿ 650 ಮಿಲಿಗ್ರಾಂ ಮಾತ್ರೆಗಳನ್ನು ಕೊಡುತ್ತಾ ಹೋದರೆ ಯಕೃತ್ತಿಗೆ ಹೊರೆಯಾಗುತ್ತದೆ. ಆರೋಗ್ಯವಂತ ವಯಸ್ಕರಿಗೂ ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು. ನಿಮ್ಮ ತಾಯಿಯವರ ವಯಸ್ಸಿನಲ್ಲಿ, ಊಟವೂ ಸರಿಯಾಗಿಲ್ಲದಾಗ, 3 ಗ್ರಾಂ ಒಳಗೇ ಇರುವುದು ಕ್ಷೇಮ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಅವರಿಗೆ ಕೊಡಬೇಡಿ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರ ಮೂತ್ರಪಿಂಡಗಳಿಗೆ ಅವು ತೊಂದರೆ ಕೊಡಬಲ್ಲವು.

ಊಟದ ಮಟ್ಟಿಗೆ ನಮ್ಮ ಜಿಲ್ಲೆಗಳವರು ಅದೃಷ್ಟವಂತರು. ನುಣ್ಣಗೆ ಬೆಂದ ಕುಚ್ಚಲಕ್ಕಿ ಗಂಜಿಯ ತಿಳಿ, ಅದು ಒಗ್ಗಿದ ಮೇಲೆ ಗಂಜಿ, ಮೆತ್ತನೆಯ ನೀರುದೋಸೆ, ಬೆಲ್ಲ ಹಾಕದ ರಾಗಿ ಮಣ್ಣಿ, ಖಾರವಿಲ್ಲದ ತಂಬುಳಿ ಇವೆಲ್ಲ ಗಂಟಲಿಗೆ ನೋವಾಗದೆ ಇಳಿಯುತ್ತವೆ. ಗಂಜಿಯ ಪಕ್ಕದ ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಪುಳಿಮುಂಚಿ, ಒಣಗಿದ ಗರಿಗರಿ ಕೋರಿ ರೊಟ್ಟಿ ಇವು ಒಂದು ವಾರ ದೂರವಿರಲಿ. ಬೊಂಡದ ನೀರು ಒಳ್ಳೆಯದು, ಮೂತ್ರಪಿಂಡದ ತೊಂದರೆ ಇಲ್ಲವೆಂದಾದರೆ ಮಾತ್ರ. ಪುನರ್ಪುಳಿಯ ಹುಳಿ ಕೆಲವರಿಗೆ ಗಂಟಲು ಕೆರೆಯುವಂತೆ ಮಾಡುತ್ತದೆ. ಎದೆಯುರಿ ಇರುವವರು ಅದನ್ನು ಸದ್ಯಕ್ಕೆ ಬಿಡಬೇಕು. ತಣ್ಣನೆಯದು ಕುಡಿದರೆ ಶೀತವಾಗುತ್ತದೆಂಬ ಭಯ ಬೇಡ. ತಂಪು ನೀರಾಗಲಿ, ಸಣ್ಣ ಐಸಿನ ಚೂರಾಗಲಿ ಊದಿದ ಗಂಟಲಿಗೆ ಬಿಸಿಯಷ್ಟೇ ಹಿತ ನೀಡುತ್ತದೆ, ಅವರಿಗೆ ಯಾವುದು ಇಷ್ಟವೋ ಅದನ್ನು ಕೊಡಿ.

ಆದರೆ ಎಲ್ಲ ಗಂಟಲು ನೋವನ್ನೂ ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಉಸಿರೆಳೆಯುವಾಗ ಸುಯ್ ಎಂಬ ಸದ್ದು ಬಂದರೆ, ಉಸಿರಾಟ ಕಷ್ಟವಾದರೆ, ತಮ್ಮ ಎಂಜಲನ್ನೇ ನುಂಗಲಾರದೆ ಅದು ಬಾಯಿಂದ ಸುರಿಯುತ್ತಿದ್ದರೆ, ಕುತ್ತಿಗೆ ಊದಿಕೊಂಡು ಮುಟ್ಟಿದಾಗ ಚರ್ಮದಡಿಯಲ್ಲಿ ಚರಚರ ಎಂದರೆ, ಎದೆನೋವಿನ ಜೊತೆ ಜ್ವರ ಬಂದರೆ, ಅಥವಾ ಕೆಮ್ಮಿದಾಗ ಎಳೆಯಷ್ಟಲ್ಲದೆ ಬಾಯಿತುಂಬ ರಕ್ತ ಬಂದರೆ ಹೊತ್ತು ನೋಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಶ್ವಾಸನಾಳ ಅಥವಾ ಅನ್ನನಾಳಕ್ಕೆ ತೂತು ಬೀಳುವುದು ಅತಿ ವಿರಳ. ಆದರೆ ಬಿದ್ದಾಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆಯಾಗಬೇಕು. ಮೂರನೆಯ ದಿನದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ ಅದೂ ವೈದ್ಯರಿಗೆ ತೋರಿಸಬೇಕಾದ ಮಾತೇ. ನಿಮ್ಮ ತಾಯಿಯವರು ಊಟ ಬಿಟ್ಟು ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಳ್ಳುತ್ತಿದ್ದಾರೆಯೇ? ಹೌದಾದರೆ ಈ ಉತ್ತರಕ್ಕೆ ಕಾಯದೆ ಇಂದೇ ವೈದ್ಯರನ್ನು ಕೇಳಬೇಕು, ರಕ್ತದ ಸಕ್ಕರೆ ಕುಸಿಯುವ ಅಪಾಯವಿದೆ.

ಪ್ರಶ್ನೆ: ನಾನು ಯಕ್ಷಗಾನ ಭಾಗವತ. ಪತ್ತನಾಜೆ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಗಂಟಲು ನೋವು ನಾಲ್ಕು ದಿನದಲ್ಲಿ ಹೋಯಿತು, ಆದರೆ ಮೂರು ವಾರವಾದರೂ ಸ್ವರ ಒಡೆಯುತ್ತಿದೆ. ಕೆಳಗಿನ ಶ್ರುತಿಯಲ್ಲಿ ಹೇಗೋ ನಿಲ್ಲುತ್ತದೆ, ಏರು ಪದಗಳಿಗೆ ಹೋದರೆ ಗಾಳಿ ಮಾತ್ರ ಬರುತ್ತದೆ. ದೀಪಾವಳಿಯ ನಂತರ ತಿರುಗಾಟ. ಇನ್ನೂ ಕಾಯಬಹುದೇ?
— ಕಲಾವಿದ, ಬ್ರಹ್ಮಾವರ

ಉತ್ತರ: ಕಾಯಬೇಡಿ, ಭಾಗವತರೇ. ನೋವಿಗೆ ಒಂದು ವಾರ, ಸ್ವರಕ್ಕೆ ಎರಡು ವಾರ ಎಂಬುದು ನಾನು ರೋಗಿಗಳಿಗೆ ಹೇಳುವ ಗಡುವು. ಸ್ವರವೇ ಜೀವನೋಪಾಯವಾಗಿರುವವರಿಗೆ ಅದಕ್ಕೂ ಮೊದಲೇ ತೋರಿಸಿಕೊಳ್ಳಿ ಎನ್ನುತ್ತೇನೆ. ಮೂರು ವಾರದ ಸ್ವರಭಂಗಕ್ಕೆ ಕಾರಣ ಇಂಥದ್ದೇ ಎಂದು ಪತ್ರ ನೋಡಿ ಹೇಳಲಾಗದು, ಧ್ವನಿತಂತುಗಳನ್ನು ಕಣ್ಣಿಂದ ನೋಡಲೇಬೇಕು. ತಂತುಗಳ ಅಂಚಿನಲ್ಲಿ ಊತ ಉಳಿದಿರಬಹುದು. ಕೊಳವೆ ಒತ್ತಿದ ಜಾಗದಲ್ಲಿ ಮಾಂಸದ ಸಣ್ಣ ಗಂಟು ಬೆಳೆದಿರಬಹುದು. ಅದು ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ನಂತರವೇ ಕಾಣಿಸಿಕೊಳ್ಳುವಂಥದ್ದು, ಎದೆಯುರಿ ಇರುವವರಲ್ಲಿ ಹಠ ಹಿಡಿಯುತ್ತದೆ. ಒಂದು ಬದಿಯ ತಂತುವಿನ ಚಲನೆ ಕುಗ್ಗಿರಬಹುದು. ಹಾಗಿದ್ದರೆ ನೀರು ಕುಡಿಯುವಾಗ ನೆತ್ತಿಗೇರಿದಂತೆ ಕೆಮ್ಮು ಬರುತ್ತದೆ, ಗಮನಿಸಿ ನೋಡಿ. ತಂತುಗಳನ್ನು ಹಿಂದುಗಡೆ ಹಿಡಿದಿರುವ ಪುಟ್ಟ ಮೃದ್ವಸ್ಥಿ ತನ್ನ ಕೀಲಿನಿಂದ ಜರುಗುವುದೂ ಅಪರೂಪಕ್ಕೆ ಉಂಟು. ಅದನ್ನು ಬೇಗ ಗುರುತಿಸಿದರೆ ಸರಿಪಡಿಸುವುದು ಸುಲಭ, ತಡವಾದಷ್ಟೂ ಕಷ್ಟ. ಕಾಯಬೇಡಿ ಎಂದದ್ದು ಮುಖ್ಯವಾಗಿ ಈ ಕೊನೆಯದಕ್ಕಾಗಿ.

ಪರೀಕ್ಷೆಗೆ ಹೆದರಬೇಕಾಗಿಲ್ಲ. ಮೂಗಿನ ಮೂಲಕ ತೆಳ್ಳಗಿನ, ಬಾಗುವ ಕ್ಯಾಮೆರಾ ಇಳಿಸಿ ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳಲ್ಲಿ ನೋಡಿ ಮುಗಿಸುತ್ತಾರೆ. ಇದಕ್ಕೆ ದೂರ ಹೋಗಬೇಕಾಗಿಲ್ಲ; ಉಡುಪಿ, ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗಗಳಲ್ಲಿ ಈ ಪರೀಕ್ಷೆ ದಿನನಿತ್ಯದ್ದು. ಮಣಿಪಾಲ ಮತ್ತು ಮಂಗಳೂರಿನಲ್ಲಿ ವಾಕ್ ಮತ್ತು ಶ್ರವಣ ತಜ್ಞರನ್ನು ತಯಾರುಮಾಡುವ ಕಾಲೇಜುಗಳೇ ಇರುವುದರಿಂದ ಮುಂದೆ ಸ್ವರದ ಚಿಕಿತ್ಸೆ ಬೇಕಾದರೂ ಸಮೀಪದಲ್ಲೇ ದೊರೆಯುತ್ತದೆ. ನಿಮ್ಮ ವೃತ್ತಿಯವರಿಗೆ ರುಚಿಸಬಹುದಾದ ಒಂದು ಸಂಗತಿ ಹೇಳುತ್ತೇನೆ. ಧ್ವನಿತಂತುಗಳನ್ನು ಕನ್ನಡಿಯಲ್ಲಿ ನೋಡುವ ವಿಧಾನವನ್ನು ಲೋಕಕ್ಕೆ ತೋರಿಸಿದವರು ವೈದ್ಯರಲ್ಲ, ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಗಾಯನ ಶಿಕ್ಷಕರು. ಹಾಡುವಾಗ ಗಂಟಲಿನಲ್ಲಿ ನಡೆಯುವುದೇನು ಎಂಬ ಕುತೂಹಲದಿಂದ 1854ರಲ್ಲಿ ಸಣ್ಣ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಮತ್ತೊಂದು ಕನ್ನಡಿಯಿಂದ ಬಿಸಿಲನ್ನು ಹಾಯಿಸಿ ತಮ್ಮದೇ ತಂತುಗಳನ್ನು ಅವರು ಕಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ನಿರೂಪಿಸಿದರು. ನಾವು ದಿನವೂ ಕೈಯಲ್ಲಿ ಹಿಡಿಯುವ ಲ್ಯಾರಿಂಗೋಸ್ಕೋಪ್ ಆ ವಂಶದ್ದು.

ತಜ್ಞರನ್ನು ಕಾಣುವವರೆಗೆ ಪದ ಹೇಳುವುದನ್ನು ನಿಲ್ಲಿಸಿ. ಮನೆಯಲ್ಲಿ ಸಹಜವಾದ ಮೆಲುದನಿಯಲ್ಲಿ ಮಾತಾಡಿ, ಪಿಸುಮಾತು ಮಾತ್ರ ಬೇಡ. ಪಿಸುಗುಟ್ಟುವಾಗ ಎಷ್ಟೋ ಮಂದಿಯ ಗಂಟಲು ಸಹಜ ಮಾತಿಗಿಂತ ಹೆಚ್ಚು ಬಿಗಿಯುತ್ತದೆ. ಮತ್ತೆ ಮತ್ತೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವಿದ್ದರೆ ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ. ರಾತ್ರಿ ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ. ಎಲೆಯಡಿಕೆ, ಹೊಗೆಸೊಪ್ಪು ಚೌಕಿಯಲ್ಲಿ ಎಷ್ಟು ಸಾಮಾನ್ಯವೆಂಬುದು ಗೊತ್ತಿದ್ದೇ ಹೇಳುತ್ತೇನೆ, ಈ ಮಳೆಗಾಲದಲ್ಲಿ ಅವನ್ನು ಬಿಡಿ. ಬಿಟ್ಟ ಮೇಲೆ ಮತ್ತೆ ಹಿಡಿಯದಿದ್ದರೆ ಇನ್ನೂ ಒಳ್ಳೆಯದು. ಸ್ವರ ತೆರೆಯಲೆಂದು ಕಾಳುಮೆಣಸು, ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಏರು ಶ್ರುತಿಯಲ್ಲಿ ಅಭ್ಯಾಸ ಮಾಡಿ ನೋಡುವ ಪ್ರಯೋಗ ಬೇಡವೇ ಬೇಡ. ದೀಪಾವಳಿಗೆ ಇನ್ನೂ ತಿಂಗಳುಗಳಿವೆ, ಈಗಲೇ ಕಾರಣ ತಿಳಿದರೆ ಚಿಕಿತ್ಸೆಗೆ ಬೇಕಾದ ಸಮಯ ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಟಾನ್ಸಿಲ್ ತೆಗೆಸಿದೆವು. ಡಿಸ್ಪ್ರಿನ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಮುಕ್ಕಳಿಸಿದರೆ ನೋವು ಇಳಿಯುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಕೊಡಬಹುದೇ? ಐಸ್‌ಕ್ರೀಂ ಕೊಡಲು ಅಜ್ಜಿ ಬಿಡುತ್ತಿಲ್ಲ.
— ತಾಯಿ, ಮೂಡುಬಿದಿರೆ

ಉತ್ತರ: ಡಿಸ್ಪ್ರಿನ್ ಕೊಡಲೇಬೇಡಿ. ಅದು ಆಸ್ಪಿರಿನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಟಾನ್ಸಿಲ್ ತೆಗೆದ ಹಸಿ ಗಾಯದಲ್ಲಿ ಅದರಿಂದ ರಕ್ತಸ್ರಾವವಾಗಬಹುದು. ಅಲ್ಲದೆ ರೇಸ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಮಾರಕವಾಗಬಲ್ಲ ಕಾಯಿಲೆಯ ಭಯದಿಂದ 16 ವರ್ಷದೊಳಗಿನ ಮಕ್ಕಳಿಗೆ ವೈದ್ಯರು ವಿಶೇಷ ಕಾರಣವಿಲ್ಲದೆ ಆಸ್ಪಿರಿನ್ ಕೊಡುವುದಿಲ್ಲ.

ಇದು ಕೊಳವೆ ತರಚಿದ ನೋವಲ್ಲ, ಶಸ್ತ್ರಚಿಕಿತ್ಸೆಯ ಗಾಯದ್ದೇ ನೋವು. ಒಂದರಿಂದ ಎರಡು ವಾರ ಇರುತ್ತದೆ, ನಡುವೆ ಒಂದೆರಡು ದಿನ ಹೆಚ್ಚಾದಂತೆಯೂ ತೋರುತ್ತದೆ. ಕಿವಿ ನೋಯುತ್ತದೆ ಎಂದು ಮಗು ಹೇಳಿದರೆ ಗಾಬರಿಯಾಗಬೇಡಿ, ಗಂಟಲಿಗೂ ಕಿವಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಹಾಗಾಗುತ್ತದೆ. ತೂಕಕ್ಕೆ ತಕ್ಕಂತೆ ವೈದ್ಯರು ಬರೆದ ಪ್ಯಾರಸಿಟಮಾಲ್ ಸಿರಪ್ಪನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಹೊತ್ತು ತಪ್ಪಿಸದೆ ಕೊಡಿ. ನೋವಿಗೆ ಹೆದರಿ ನುಂಗದೆ ಕೂತರೆ ಗಂಟಲು ಒಣಗಿ ನೋವು ಹೆಚ್ಚುತ್ತದೆ. ಜೋರಾಗಿ ಮುಕ್ಕಳಿಸುವುದು ಬೇಡ. ಐಸ್‌ಕ್ರೀಂ ಧಾರಾಳವಾಗಿ ಕೊಡಿ, ಗೋಡಂಬಿ ಚೂರುಗಳು ತುಂಬಿದ ಗಡ್‌ಬಡ್ ಮಾತ್ರ ಸ್ವಲ್ಪ ಕಾಲ ಕಾಯಲಿ. ಅಜ್ಜಿಯವರಿಗೆ ಇದು ವೈದ್ಯರದೇ ಮಾತೆಂದು ಹೇಳಬಹುದು. ಗಾಯದ ಮೇಲಿನ ಬಿಳಿ ಪೊರೆ ಉದುರುವ ಸಮಯದಲ್ಲಿ, ಅಂದರೆ ಸುಮಾರು 5ರಿಂದ 10ನೆಯ ದಿನದ ನಡುವೆ, ಬಾಯಲ್ಲಿ ಕೆಂಪು ರಕ್ತ ಕಂಡರೆ ಅಥವಾ ಮಗು ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನಗೆ 52 ವರ್ಷ. ಹಿಂದೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ ಗಂಟಲು ಐದು ದಿನ ವಿಪರೀತ ನೋಯಿತು. ಈಗ ಥೈರಾಯಿಡ್ ಗಡ್ಡೆ ತೆಗೆಸಬೇಕೆಂದು ಹೇಳಿದ್ದಾರೆ. ಈ ಬಾರಿ ನೋವು ಬಾರದಂತೆ ಮೊದಲೇ ಏನಾದರೂ ಮಾಡಬಹುದೇ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಲಾಗದೇ?
— ಶಿಕ್ಷಕಿ, ಕಾರ್ಕಳ

ಉತ್ತರ: ಬೆನ್ನಿನ ಇಂಜೆಕ್ಷನ್ ದೇಹದ ಕೆಳಭಾಗದ ಶಸ್ತ್ರಚಿಕಿತ್ಸೆಗಳಿಗೆ ಮಾತ್ರ, ಕುತ್ತಿಗೆಗೆ ಅದು ನಡೆಯದು. ಕೊಳವೆಯ ಬದಲು ಗಂಟಲಿನ ಹಿಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಮೇಲೆಯೇ ಕೂರುವ ಲ್ಯಾರಿಂಜಿಯಲ್ ಮಾಸ್ಕ್ ಎಂಬ ಸಾಧನವಿದೆ. ಆರ್ಚೀ ಬ್ರೇನ್ ಎಂಬ ಬ್ರಿಟಿಷ್ ಅರಿವಳಿಕೆ ತಜ್ಞರು 1981ರಲ್ಲಿ ಅದನ್ನು ರೂಪಿಸಿದರು. ತಂತುಗಳ ನಡುವೆ ಹೋಗದ ಕಾರಣ ಅದರಿಂದ ಗಂಟಲು ನೋವು ಕಡಿಮೆ. ಆದರೆ ಥೈರಾಯಿಡ್ ಶಸ್ತ್ರಚಿಕಿತ್ಸೆಯಲ್ಲಿ ಶಸ್ತ್ರಚಿಕಿತ್ಸಕರ ಕೈ ಶ್ವಾಸನಾಳದ ಮೇಲೆಯೇ ಇರುವುದರಿಂದ ಸಾಮಾನ್ಯವಾಗಿ ಕೊಳವೆಯನ್ನೇ ಆರಿಸುತ್ತಾರೆ, ಅದು ಸರಿಯಾದ ಆಯ್ಕೆಯೂ ಹೌದು. ಹಾಗಾಗಿ ಸ್ವಲ್ಪ ನೋವನ್ನು ನಿರೀಕ್ಷಿಸಿಯೇ ಹೋಗಬೇಕು. ತಗ್ಗಿಸಲು ಮಾತ್ರ ಹಲವು ದಾರಿಗಳಿವೆ.

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ನಿಮ್ಮನ್ನು ನೋಡಲು ಬರುತ್ತಾರೆ. ಅನೇಕರು ಅವರ ಪ್ರಶ್ನೆಗಳಿಗೆ ತಲೆಯಾಡಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿಬಿಡುತ್ತಾರೆ. ನಾವೂ ಅವಸರದಲ್ಲಿ ಅಷ್ಟಕ್ಕೇ ತೃಪ್ತರಾಗುವುದುಂಟು. ನೀವು ಹಾಗೆ ಮಾಡದೆ ಹಿಂದಿನ ನೋವಿನ ವಿಷಯವನ್ನೂ, ದಿನವಿಡೀ ಪಾಠ ಹೇಳುವವರೆಂಬುದನ್ನೂ ಅವರಿಗೆ ತಿಳಿಸಿ. ಆಗ ಅವರು ಸಾಧ್ಯವಿದ್ದಷ್ಟು ಸಣ್ಣ ಅಳತೆಯ ಕೊಳವೆ ಆರಿಸಿ, ಗಾಳಿಚೀಲದ ಒತ್ತಡವನ್ನು ಮಾಪಕದಿಂದ ನೋಡಿಕೊಳ್ಳಬಹುದು. ವಾಂತಿ ತಡೆಯಲೆಂದು ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಗಂಟಲು ನೋವನ್ನೂ ತಗ್ಗಿಸುತ್ತದೆ. ಅರಿವಳಿಕೆಗೆ ಮೊದಲು ಬೆಂಜಿಡಮೈನ್, ಮೆಗ್ನೀಶಿಯಂ, ಕೆಟಮಿನ್ ಅಥವಾ ಜ್ಯೇಷ್ಠಮಧುವಿನ ದ್ರಾವಣವನ್ನು ಮುಕ್ಕಳಿಸುವುದರಿಂದಲೂ ನೋವು ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಕಂಡಿದೆ. ಇವನ್ನು ಅವರೇ ತಯಾರಿಸಿ, ಅವರೆದುರಿಗೇ ಮುಕ್ಕಳಿಸಬೇಕು, ಮನೆಯಿಂದ ಮಾಡಿಕೊಂಡು ಹೋಗುವಂಥವಲ್ಲ. ಕೊಳವೆಗೆ ಜಡಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಹಚ್ಚಿದರೆ ಒಳ್ಳೆಯದೆಂಬ ನಂಬಿಕೆ ಹಿಂದೆ ಇತ್ತು, ಅದರಿಂದ ನೋವು ಹೆಚ್ಚಾದದ್ದೇ ಕೆಲವು ಕಡೆ ಕಂಡಿದೆ.

ನಿಮ್ಮ ಕೈಯಲ್ಲಿರುವ ಒಂದು ವಿಷಯ ನೀರು. ಹಿಂದಿನ ರಾತ್ರಿಯಿಂದ ತೊಟ್ಟು ನೀರೂ ಇಲ್ಲದೆ ಮಧ್ಯಾಹ್ನದವರೆಗೆ ಕಾಯುವವರನ್ನು ಈಗಲೂ ನೋಡುತ್ತೇವೆ. ಲಘು ಆಹಾರಕ್ಕೆ ಮತ್ತು ಹಾಲು ಹಾಕಿದ ಚಹಾಕ್ಕೆ 6 ಗಂಟೆಯ ನಿಯಮ, ಎಣ್ಣೆಜಿಡ್ಡಿನ ಊಟಕ್ಕೆ 8 ಗಂಟೆ. ಆದರೆ ಬರಿಯ ನೀರನ್ನು ಅರಿವಳಿಕೆಗೆ 2 ಗಂಟೆ ಮೊದಲಿನವರೆಗೂ ಹೆಚ್ಚಿನವರು ಕುಡಿಯಬಹುದು. ತೀವ್ರ ಎದೆಯುರಿ ಅಥವಾ ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇರುವವರಿಗೆ ನಿಯಮ ಬೇರೆಯಾಗುವುದರಿಂದ ನಿಮ್ಮ ಲೆಕ್ಕವನ್ನು ಅರಿವಳಿಕೆ ತಜ್ಞರಲ್ಲೇ ಕೇಳಿ ತಿಳಿಯಿರಿ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಅದನ್ನೂ ಹೇಳಿ.

ಶಸ್ತ್ರಚಿಕಿತ್ಸೆಯ ನಂತರ ಸ್ವರ ಒರಟಾದರೆ ಅದಕ್ಕೆ ಕೊಳವೆಯೊಂದೇ ಕಾರಣವೆಂದು ತಿಳಿಯಬೇಡಿ. ಧ್ವನಿತಂತುಗಳಿಗೆ ಹೋಗುವ ನರಗಳು ಥೈರಾಯಿಡ್ ಗ್ರಂಥಿಯ ಬೆನ್ನಿಗೇ ಅಂಟಿದಂತೆ ಹಾಯುವುದರಿಂದ ಈ ಶಸ್ತ್ರಚಿಕಿತ್ಸೆಯಲ್ಲಿ ಅವಕ್ಕೂ ತೊಂದರೆಯಾಗುವ ಸಾಧ್ಯತೆಯಿದೆ. ಆದ್ದರಿಂದ ಮೊದಲೇ ಒಮ್ಮೆ ತಂತುಗಳ ಪರೀಕ್ಷೆ ಮಾಡಿಸಿಕೊಂಡರೆ ಮುಂದೆ ಹೋಲಿಸಿ ನೋಡಲು ಆಧಾರವಿರುತ್ತದೆ. ನಿಮ್ಮಂಥ ಶಿಕ್ಷಕಿಯರ ವಿಷಯದಲ್ಲಿ ನಾನು ಅದನ್ನು ಒತ್ತಾಯಿಸಿಯೇ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯಾದ ದಿನ ಅಥವಾ ಮರುದಿನ ಕುತ್ತಿಗೆ ಬಿಗಿದು ಊದುತ್ತಾ ಬಂದರೆ, ಉಸಿರು ಕಟ್ಟಿದಂತಾದರೆ, ಅದನ್ನು ಗಂಟಲು ನೋವೆಂದು ಸಹಿಸಿಕೊಂಡು ಮಲಗದೆ ಕೂಡಲೇ ನರ್ಸ್‌ಗೆ ಕರೆ ಮಾಡಬೇಕು. ಒಳಗೆ ರಕ್ತ ಕಟ್ಟಿಕೊಂಡಿರಬಹುದು.

ಆಸ್ಪತ್ರೆಯಿಂದ ಹೊರಡುವಾಗ ಕೊಳವೆ ಹಾಕಲು ಕಷ್ಟವಾಯಿತೇ ಎಂದು ಅರಿವಳಿಕೆ ತಜ್ಞರನ್ನು ಕೇಳಿ. ಹೌದು ಎಂದಾದರೆ ಯಾವ ಅಳತೆಯ ಕೊಳವೆ, ಯಾವ ಸಾಧನದಿಂದ ಹಾಕಿದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಡಿಸ್ಚಾರ್ಜ್ ಕಾಗದಗಳ ಜೊತೆ ಇಟ್ಟುಕೊಳ್ಳಿ. ಮುಂದೆ ಯಾವ ಊರಿನಲ್ಲಿ ಯಾವ ಶಸ್ತ್ರಚಿಕಿತ್ಸೆಯಾದರೂ ಆ ಚೀಟಿಯನ್ನು ಅಲ್ಲಿನ ಅರಿವಳಿಕೆ ತಜ್ಞರಿಗೆ ಮೊದಲು ತೋರಿಸಿ.